ಮೈನಸ್ 60 ಪೆಟ್ಟಿಗೆ: ಒಂದು ವ್ಯೂ ರಿಪೇರಿಯ ದಿನಚರಿ

ವಿಜಯಪುರದಿಂದ ತಿಕೋಟಾ ಕಡೆ ಹೋಗುವ ದಾರಿಯಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಇದೆ. ಒಣದ್ರಾಕ್ಷಿ ಇಡುವ ಜಾಗ. ಅಲ್ಲಿನ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ದೀಪಾವಳಿಗೆ ಎರಡು ವಾರ ಇದ್ದಾಗ ಅಲ್ಲಿ ನಾಲ್ಕು ದಿನ ಕೂತು ಒಂದು ವ್ಯೂ ರಿಪೇರಿ ಮಾಡಿದೆ. ವ್ಯೂ ಅಂದರೆ ಡೇಟಾಬೇಸ್‌ನ ಟೇಬಲ್‌ಗಳನ್ನು ಜೋಡಿಸಿ ಒಂದೇ ಪಟ್ಟಿಯಾಗಿ ತೋರಿಸುವ, ಹೆಸರಿಟ್ಟು ಉಳಿಸಿದ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ). ನಾಲ್ಕೈದು ಟೇಬಲ್ ಜೋಡಿಸಿದ ವ್ಯೂ ಇಟ್ಟುಕೊಂಡು, ಲೆಕ್ಕ ಯಾಕೆ ಹೊಂದುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರಿಗೆ ಉಪಯೋಗ ಆಗಲಿ ಅಂತ, ಆದದ್ದನ್ನು ಆದ ಹಾಗೆ ಬರೆದಿಡುತ್ತಿದ್ದೇನೆ.

ಈ ಕಡೆಯವರಲ್ಲದವರಿಗೆ ಸ್ವಲ್ಪ ಹಿನ್ನೆಲೆ ಬೇಕು. ನಮ್ಮಲ್ಲಿ ಫೆಬ್ರವರಿಯಿಂದ ಏಪ್ರಿಲ್ ತನಕ ದ್ರಾಕ್ಷಿ ಕೊಯ್ದು ಶೆಡ್‌ನಲ್ಲಿ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ ಬರುತ್ತದೆ. ಆಗಲೇ ಮಾರಿದರೆ ದರ ಸಿಗುವುದಿಲ್ಲ ಅಂತ ಪೆಟ್ಟಿಗೆಗೆ ತುಂಬಿ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುತ್ತಾರೆ. ದಸರಾ, ದೀಪಾವಳಿ ಬಂದಾಗ ಸ್ವಲ್ಪ ಸ್ವಲ್ಪ ತೆಗೆದು ಮಾರುತ್ತಾರೆ. ಕೆಲವರು ಇಟ್ಟ ಮಾಲಿನ ಮೇಲೆ ಬ್ಯಾಂಕಿನಲ್ಲಿ ಸಾಲ ತಗೊಂಡಿರುತ್ತಾರೆ. ಹಾಗಾಗಿ 'ನಿಮ್ಮ ಇಷ್ಟು ಪೆಟ್ಟಿಗೆ ಉಳಿದಿದೆ' ಅನ್ನುವ ಒಂದು ಚೀಟಿ ಅಂದರೆ ಅದು ಒಂದು ಮನೆಯ ವರ್ಷದ ದುಡಿಮೆ. ಅದರಲ್ಲಿ ತಪ್ಪು ಇರಬಾರದು.

ಆ ಚೀಟಿ ಬರುವುದು 'ಬಾಕಿ' ಅನ್ನುವ ವ್ಯೂನಿಂದ. ಅದು ಐದು ಟೇಬಲ್ ಜೋಡಿಸುತ್ತದೆ: ರೈತ, ಆವಕ, ಜಾವಕ, ಜಮಾ, ದರ. ಆವಕ ಅಂದರೆ ಒಳಗೆ ಬಂದ ಲಾಟ್ (ಒಂದೇ ನಂಬರಿನಲ್ಲಿ ಇಟ್ಟ ಮಾಲು). ಜಾವಕ ಅಂದರೆ ಹೊರಗೆ ಹೋದದ್ದು. ಜಮಾ ಅಂದರೆ ರೈತರು ಕಟ್ಟಿದ ಬಾಡಿಗೆ. ದರ ಅಂದರೆ ಯಾವ ತಾರೀಖಿನಿಂದ ಯಾವ ತಾರೀಖಿನ ತನಕ ಪೆಟ್ಟಿಗೆಗೆ ಎಷ್ಟು ಬಾಡಿಗೆ ಅನ್ನುವ ಪಟ್ಟಿ.

ಸೋಮವಾರ

ಹಳೆ ಕಂಪ್ಯೂಟರಿನ ಡಿಸ್ಕ್ ಸದ್ದು ಮಾಡುತ್ತಿತ್ತು. ಅದರಲ್ಲಿ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನ 5.7 ಆವೃತ್ತಿ ಇತ್ತು. 2023ರ ಅಕ್ಟೋಬರ್‌ಗೇ ಅದರ ಸಪೋರ್ಟ್ ಮುಗಿದಿದೆ. ಅದಕ್ಕೇ ಭಾನುವಾರ ಡಂಪ್ (ಡೇಟಾಬೇಸ್‌ನ ಪ್ರತಿ) ತೆಗೆದು ಹೊಸ ಯಂತ್ರದ 8.0ಕ್ಕೆ ಹಾಕಿದ್ದೆ. ಸೋಮವಾರ ಬೆಳಿಗ್ಗೆ ಫೋನ್ ಬಂತು. ಉಳಿದದ್ದೆಲ್ಲ ತೆರೆಯುತ್ತದೆ, ಬಾಕಿ ಪರದೆ ಮಾತ್ರ ತೆರೆಯುವುದಿಲ್ಲ.

ಎರರ್ ನಂಬರ್ 1449. ವ್ಯೂ ಬರೆದವನು ಅಂತ ದಾಖಲಾಗಿರುವ ಯೂಸರ್ ಈ ಸರ್ವರ್‌ನಲ್ಲಿ ಇಲ್ಲ ಅಂತ ಅದರ ಅರ್ಥ. ಮೈಎಸ್‌ಕ್ಯೂಎಲ್ ಪ್ರತಿ ವ್ಯೂ ಜೊತೆಗೂ ಅದನ್ನು ಮಾಡಿದ ಯೂಸರ್‌ನ ಹೆಸರು ಇಟ್ಟುಕೊಳ್ಳುತ್ತದೆ. ಅದನ್ನು ಡಿಫೈನರ್ ಅಂತಾರೆ. ಬೇರೆ ಏನೂ ಹೇಳದಿದ್ದರೆ ವ್ಯೂ ಓಡುವುದು ಆ ಡಿಫೈನರ್‌ನ ಹಕ್ಕಿನ ಮೇಲೆ, ನೋಡುವವರ ಹಕ್ಕಿನ ಮೇಲೆ ಅಲ್ಲ. ಡಂಪ್ ಹಾಕುವಾಗ ಟೇಬಲ್‌ಗಳು ಬಂದವು, ವ್ಯೂ ಬಂತು, ಆ ಯೂಸರ್ ಮಾತ್ರ ಬರಲಿಲ್ಲ.

ಕೆಲವರು ಅದೇ ಹೆಸರಿನ ಯೂಸರ್ ಒಬ್ಬನನ್ನು ಎಲ್ಲ ಹಕ್ಕು ಕೊಟ್ಟು ಸೃಷ್ಟಿಸಿ ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಯಾರೂ ಬಳಸದ, ಯಾರಿಗೂ ನೆನಪಿಲ್ಲದ ಬೀಗದ ಕೈ ಒಂದು ಗೋಡೆಗೆ ನೇತುಹಾಕಿದ ಹಾಗೆ ಅದು. ನಾನು ಶೋ ಕ್ರಿಯೇಟ್ ವ್ಯೂ ಅನ್ನುವ ಆದೇಶ ಕೊಟ್ಟು ವ್ಯೂನ ಪೂರ್ತಿ ಬರಹ ತೆಗೆದೆ. ಡಿಫೈನರ್ ಜಾಗದಲ್ಲಿ ಈಗ ಬಳಸುವ ಯೂಸರ್ ಹಾಕಿ ವ್ಯೂ ಮತ್ತೆ ಮಾಡಿದೆ. ಹತ್ತು ನಿಮಿಷದ ಕೆಲಸ. ಪರದೆ ತೆರೆಯಿತು.

ಮಂಗಳವಾರ

ಲೆಕ್ಕ ಬರೆಯುವ ಕಾಕಾ ಮತ್ತೆ ಫೋನ್ ಮಾಡಿದರು. "ತಮ್ಮಾ, ಅಜ್ಜಾರು ಒಬ್ರು ಬಂದು ಕುಂತಾರ. ಬ್ಯಾಂಕಿಗೆ ಚೀಟಿ ಬೇಕಂತ. ಪರದೆ ಮ್ಯಾಲ ಮೈನಸ್ ಅರವತ್ತು ತೋರಸ್ತೈತಿ. ನೀ ಒಮ್ಮೆ ಬಂದು ಹೋಗು."

ಹೋದೆ. ಅಜ್ಜ ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಮೂರು ಗೇಟ್ ಪಾಸ್, ಎರಡು ಪಾವತಿ. "ನನ್ನ ಪೆಟಗಿ ನಾನ ಎಣಿಸಿ ಇಟ್ಟೀನಪಾ. ನೂರಾ ಎಂಬತ್ತು. ಮೂರು ಸಲ ತಗದೀನಿ. ಇನ್ನೂ ಅರವತ್ತ ಒಳಗ ಅದಾವು" ಅಂದರು.

ಅವರ ಲೆಕ್ಕ ಸರಿ ಇತ್ತು. 180 ಇಟ್ಟಿದ್ದರು. ಮೊದಲು 40, ಆಮೇಲೆ 50, ಆಮೇಲೆ 30 ತೆಗೆದಿದ್ದರು. 120 ಹೋಯಿತು, 60 ಉಳಿಯಿತು. ಪರದೆಯ ಮೇಲೆ ಮೈನಸ್ 60. ಕಾಕಾ ಅಂದರು, ಕೂಡಿಸಿ ಕಳೆಯುವ ಚಿಹ್ನೆ ಉಲ್ಟಾ ಆಗಿರಬೇಕು, ಅಷ್ಟೇ. ನೋಡಿದರೆ ಹಾಗೇ ಕಾಣುತ್ತದೆ ಅಲ್ವಾ? ಅಂಕಿ ಅದೇ, ಚಿಹ್ನೆ ಮಾತ್ರ ಬೇರೆ. ಆದರೆ ಪಕ್ಕದ ಕಾಲಂನಲ್ಲಿ ಕಟ್ಟಿದ ಹಣ 10,500 ಅಂತ ಇತ್ತು. ಅಜ್ಜನ ಕೈಯಲ್ಲಿದ್ದ ಪಾವತಿ ಒಂದು 2,000ದ್ದು, ಇನ್ನೊಂದು 1,500ದ್ದು. ಒಟ್ಟು 3,500. ಚಿಹ್ನೆ ಉಲ್ಟಾ ಆದರೆ 3,500 ಮೂರು ಪಟ್ಟು ಆಗುವುದಿಲ್ಲ.

ಹೊಸ ಯಂತ್ರದ ತಪ್ಪಿರಬಹುದಾ? ಆಫೀಸಿನಲ್ಲಿ ಎಲ್ಲರ ಅನುಮಾನ ಅದೇ. ಊಹೆ ಮಾಡುವ ಬದಲು ಹಳೆ ಕಂಪ್ಯೂಟರ್ ಒಮ್ಮೆ ಚಾಲೂ ಮಾಡಿ ಅದೇ ಲಾಟ್ ನೋಡಿದೆ. ಅಲ್ಲೂ ಮೈನಸ್ 60. ಅಂದರೆ ತಪ್ಪು ಮೊದಲಿನಿಂದ ಇದೆ, ಈಗ ಕಣ್ಣಿಗೆ ಬಿತ್ತು. ಈ ಒಂದು ಕೆಲಸ ನನಗೆ ಅರ್ಧ ದಿನ ಉಳಿಸಿತು. ಇಲ್ಲದಿದ್ದರೆ 5.7ಕ್ಕೂ 8.0ಕ್ಕೂ ಏನು ವ್ಯತ್ಯಾಸ ಅಂತ ಹುಡುಕುತ್ತಾ ಕೂರುತ್ತಿದ್ದೆ.

ಕಂಪ್ಯೂಟರ್ ಬಿಟ್ಟು ಒಂದು ಹಾಳೆ ತಗೊಂಡೆ. ವ್ಯೂನಲ್ಲಿ ಗ್ರೂಪ್ ಬೈ (ಒಂದು ಲಾಟ್‌ನ ಸಾಲುಗಳನ್ನೆಲ್ಲ ಒಂದೇ ಸಾಲು ಮಾಡುವುದು) ಆಗುವ ಮುಂಚೆ ಈ ಲಾಟ್‌ಗೆ ಎಷ್ಟು ಸಾಲು ಇರುತ್ತವೆ ಅಂತ ಕೈಯಲ್ಲೇ ಬರೆದೆ. ಆವಕದಲ್ಲಿ ಈ ಲಾಟ್‌ನದ್ದು ಒಂದು ಸಾಲು. ಜಾವಕದಲ್ಲಿ ಮೂರು. ಜಮಾದಲ್ಲಿ ಎರಡು. ಮೂರೂ ಟೇಬಲ್ ಲಾಟ್ ನಂಬರ್ ಮೇಲೆ ಸೇರಿವೆ. ಯಾವ ಜಾವಕ ಯಾವ ಜಮಾಕ್ಕೆ ಸೇರಿದ್ದು ಅಂತ ಡೇಟಾಬೇಸ್‌ಗೆ ಯಾರೂ ಹೇಳಿಲ್ಲ. ಹೇಳುವುದಕ್ಕೂ ಇಲ್ಲ, ಅವೆರಡಕ್ಕೆ ಸಂಬಂಧವೇ ಇಲ್ಲ. ಹಾಗಾಗಿ ಅದು ಪ್ರತಿ ಜಾವಕವನ್ನೂ ಪ್ರತಿ ಜಮಾದ ಜೊತೆ ಕೂರಿಸುತ್ತದೆ.

40ರ ಜೊತೆ 2,000. 40ರ ಜೊತೆ 1,500.
50ರ ಜೊತೆ 2,000. 50ರ ಜೊತೆ 1,500.
30ರ ಜೊತೆ 2,000. 30ರ ಜೊತೆ 1,500.

ಆರು ಸಾಲು. ಎಡಗಡೆ ಕೂಡಿಸಿದರೆ 240. ಬಲಗಡೆ ಕೂಡಿಸಿದರೆ 10,500. 180ರಲ್ಲಿ 240 ಕಳೆದರೆ ಮೈನಸ್ 60. ಆವಕದ 180 ಮಾತ್ರ ಸರಿಯಾಗಿ ಬಂದಿತ್ತು, ಯಾಕೆಂದರೆ ಅದನ್ನು ಯಾರೂ ಕೂಡಿಸಿರಲಿಲ್ಲ.

ಹಾಳೆಯನ್ನು ಅಜ್ಜನಿಗೂ ತೋರಿಸಿದೆ. ಅವರು ಬೆರಳಿಟ್ಟು ನೋಡಿ, "ಅಂದ್ರ ನಾ ಎರಡ ಸಲ ರೊಕ್ಕಾ ಕಟ್ಟಿದ್ದಕ್ಕ ನನ್ನ ಮಾಲು ಎರಡ ಸಲ ಹೊರಗ ಹೋತು ಅಂತೈತಿ ಇದು" ಅಂದರು. ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ.

ಇದು ಯಾವಾಗಿನಿಂದ? ಜೂನ್‌ನಿಂದ. ಅದಕ್ಕೂ ಮುಂಚೆ ಬಾಡಿಗೆ ಒಂದೇ ಸಲ ಕಟ್ಟುವ ಪದ್ಧತಿ ಇತ್ತು, ಆವಕ ಟೇಬಲ್‌ನಲ್ಲೇ ಅದಕ್ಕೆ ಒಂದು ಕಾಲಂ. ಜೂನ್‌ನಲ್ಲಿ ಕಂತಿನಲ್ಲಿ ಕಟ್ಟಲು ಶುರು ಮಾಡಿದರು. ಆಗ ಜಮಾ ಅಂತ ಬೇರೆ ಟೇಬಲ್ ಮಾಡಿ ವ್ಯೂಗೆ ಸೇರಿಸಿದ್ದು ನಾನೇ. ಒಂದು ಜಾವಕ, ಒಂದು ಜಮಾ ಇರುವ ಲಾಟ್ ತೆಗೆದು ನೋಡಿದ್ದೆ, ಸರಿ ಬಂದಿತ್ತು. ಒಂದನ್ನು ಒಂದರಿಂದ ಗುಣಿಸಿದರೆ ಒಂದೇ ಬರುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ಜಾವಕ, ಮೂರು ಜಮಾ ಇರುವ ಲಾಟ್ ಬೇಕಿತ್ತು.

ನನಗೆ ಜಾಸ್ತಿ ಚಿಂತೆ ಆದದ್ದು ಮೈನಸ್ ತೋರಿಸಿದ ಲಾಟ್‌ಗಳ ಬಗ್ಗೆ ಅಲ್ಲ. ಅವು ತಾವಾಗಿಯೇ ಕೂಗಿ ಹೇಳುತ್ತವೆ. ಇನ್ನೊಂದು ಲಾಟ್ ತೆಗೆದೆ: 220 ಒಳಗೆ, 60 ಮತ್ತು 20 ಹೊರಗೆ, ಎರಡು ಜಮಾ. ಉಳಿಯಬೇಕಾದದ್ದು 140. ವ್ಯೂ ಹೇಳಿದ್ದು 60. ನೋಡಿದರೆ ಸರಿಯಾದ ಅಂಕಿಯ ಹಾಗೇ ಇದೆ. ಆ ರೈತರು ಬಂದು ಕೇಳದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವತ್ತೇ ಬಾಕಿ ಚೀಟಿ ಪ್ರಿಂಟ್ ಮಾಡುವುದನ್ನು ನಿಲ್ಲಿಸಿ, ರಿಜಿಸ್ಟರ್ ನೋಡಿ ಕೈಯಲ್ಲೇ ಬರೆದುಕೊಡಲು ಕಾಕಾಗೆ ಹೇಳಿದೆ. ಅಜ್ಜನಿಗೂ ಹಾಗೇ ಬರೆದುಕೊಟ್ಟರು.

ಮಂಗಳವಾರ ಸಂಜೆ, ಡಿಸ್ಟಿಂಕ್ಟ್ ಹಾಕಿ ನೋಡಿದ್ದು

ಎಲ್ಲರೂ ಮೊದಲು ಹಾಕುವ ಮದ್ದು ಇದು. ಸಮ್ (ಕೂಡಿಸುವ ಆದೇಶ) ಒಳಗೆ ಡಿಸ್ಟಿಂಕ್ಟ್ ಅಂತ ಒಂದು ಪದ ಸೇರಿಸಿದರೆ ಒಂದೇ ತರಹದ ಅಂಕಿ ಒಂದೇ ಸಲ ಕೂಡುತ್ತದೆ. ಅಜ್ಜನ ಲಾಟ್ ತಕ್ಷಣ ಸರಿ ಬಂತು. 40, 50, 30 ಸೇರಿ 120. ಜಮಾ 3,500. ಉಳಿದದ್ದು 60. ಎಲ್ಲ ಹೊಂದಿತು.

ಆದರೆ ಒಂದು ಲಾಟ್ ಸರಿ ಬಂದ ಮಾತ್ರಕ್ಕೆ ನಂಬುವ ಹಾಗಿಲ್ಲ ಅಂತ ಬೆಳಿಗ್ಗೆಯಷ್ಟೇ ಗೊತ್ತಾಗಿತ್ತಲ್ಲ. ಮುಂದಿನ ಲಾಟ್ ನೋಡಿದೆ. ಅವರು 40, 40, 30 ತೆಗೆದಿದ್ದರು. ವ್ಯೂ ಹೇಳಿದ್ದು 70. ಎರಡು ಬೇರೆ ದಿನ, ಎರಡು ಬೇರೆ ಗಾಡಿ, ಎರಡೂ ಸಲ 40 ಪೆಟ್ಟಿಗೆ. ಡಿಸ್ಟಿಂಕ್ಟ್‌ಗೆ ದಿನವೂ ಗೊತ್ತಿಲ್ಲ, ಗಾಡಿಯೂ ಗೊತ್ತಿಲ್ಲ. ಅದಕ್ಕೆ ಕಾಣುವುದು ಅಂಕಿ ಮಾತ್ರ. ಗಾಡಿಯಲ್ಲಿ ಹಿಡಿಸುವಷ್ಟು ಹೇರುವ ಊರಿನಲ್ಲಿ ಒಂದೇ ಅಂಕಿ ಮತ್ತೆ ಮತ್ತೆ ಬರುವುದೇ ಜಾಸ್ತಿ. ಹಣವೂ ಹಾಗೇ, 2,000 ಎರಡು ಸಲ ಕಟ್ಟಿದವರ ಒಂದು ಕಂತು ಮಾಯವಾಗುತ್ತದೆ.

ಮೊದಲಿನ ತಪ್ಪಿಗಿಂತ ಇದು ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಅದು ಲೆಕ್ಕವನ್ನು ಉಬ್ಬಿಸುತ್ತಿತ್ತು, ಎಲ್ಲೋ ಒಂದು ಕಡೆ ಮೈನಸ್ ಆಗಿ ಹೊರಗೆ ಬರುತ್ತಿತ್ತು. ಇದು ಸದ್ದಿಲ್ಲದೆ ಕಡಿಮೆ ತೋರಿಸುತ್ತದೆ. ಆ ಸಾಲು ಅಳಿಸಿದೆ.

ಬುಧವಾರ

ಬೆಳಿಗ್ಗೆ ಹೋಗಿ ಮೊದಲು ಮಾಡಿದ್ದು ಎಣಿಕೆ. ಈ ಸೀಸನ್‌ನ ಆವಕ ಟೇಬಲ್‌ನಲ್ಲಿ 612 ಲಾಟ್. ಬಾಕಿ ವ್ಯೂನಲ್ಲಿ ಲಾಟ್‌ಗೆ ಒಂದು ಸಾಲಿನಂತೆ 612 ಬರಬೇಕು. ಬಂದದ್ದು 547. 65 ಲಾಟ್ ಎಲ್ಲಿ ಹೋದವು?

ಕಾಕಾ ಗಾಬರಿ ಆಗಲಿಲ್ಲ. "ಒಂದೂ ಪೆಟಗಿ ತಗೀದಿದ್ದವ್ರ ಹೆಸರು ಅದ್ರಾಗ ಬರಂಗಿಲ್ಲ. ಮೊದಲಿಂದ ಹಂಗ ಐತಿ. ಅವ್ರದು ನಾ ಬ್ಯಾರೆ ಬರೀತೀನಿ" ಅಂತ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ವರ್ಷಗಟ್ಟಲೆ ಅವರು ವ್ಯೂನ ತಪ್ಪನ್ನು ಕೈಬರಹದಲ್ಲಿ ತುಂಬುತ್ತಾ ಬಂದಿದ್ದಾರೆ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ರಿಪೇರಿಗೆ ಹೋದಾಗ ಪರದೆ ನೋಡುವ ಮುಂಚೆ, ಅದನ್ನು ದಿನಾ ಬಳಸುವವರ ಮೇಜಿನ ಮೇಲೆ ಯಾವ ನೋಟ್‌ಬುಕ್ ಇದೆ ಅಂತ ನೋಡಬೇಕು.

ಕಾರಣ ಸಿಕ್ಕಿತು. ಆವಕಕ್ಕೂ ಜಾವಕಕ್ಕೂ ಲೆಫ್ಟ್ ಜಾಯಿನ್ ಇತ್ತು. ಜಾವಕ ಇಲ್ಲದಿದ್ದರೂ ಲಾಟ್ ಉಳಿಯಲಿ ಅಂತಲೇ ಅದನ್ನು ಹಾಕುವುದು. ಆದರೆ ಕೆಳಗೆ ವೇರ್ ಭಾಗದಲ್ಲಿ 'ಜಾವಕದ ತಾರೀಖು ಸೀಸನ್ ಶುರುವಾದ ಮೇಲಿನದ್ದಿರಬೇಕು' ಅಂತ ಒಂದು ಷರತ್ತು. ಜಾವಕ ಇಲ್ಲದ ಲಾಟ್‌ಗೆ ಆ ತಾರೀಖು ನಲ್, ಅಂದರೆ ಖಾಲಿ. ನಲ್ ಅನ್ನು ಯಾವುದರ ಜೊತೆ ಹೋಲಿಸಿದರೂ ಹೌದು ಅನ್ನುವ ಉತ್ತರ ಬರುವುದಿಲ್ಲ. ಹೌದು ಬರದ ಸಾಲನ್ನು ವೇರ್ ಬಿಟ್ಟುಬಿಡುತ್ತದೆ. ಮೇಲಿನ ಸಾಲಿನಲ್ಲಿ ಉಳಿಸಿಕೊಂಡದ್ದನ್ನು ಕೆಳಗಿನ ಸಾಲು ಹೊರಗೆ ಹಾಕಿತ್ತು.

ಈಗ ಪೂರ್ತಿ ವ್ಯೂ ಹೊಸದಾಗಿ ಬರೆದೆ. ಯೋಚನೆ ಒಂದೇ: ಬಾಕಿ ವ್ಯೂನಲ್ಲಿ ಒಂದು ಸಾಲು ಅಂದರೆ ಒಂದು ಲಾಟ್. ಹಾಗಾದರೆ ಅದಕ್ಕೆ ಸೇರುವ ಪ್ರತಿಯೊಂದೂ ಸೇರುವ ಮುಂಚೆಯೇ ಲಾಟ್‌ಗೆ ಒಂದೇ ಸಾಲು ಆಗಿರಬೇಕು. ಜಾವಕವನ್ನು ಲಾಟ್ ಪ್ರಕಾರ ಕೂಡಿಸಿ ಒಂದು ಚಿಕ್ಕ ವ್ಯೂ ಮಾಡಿದೆ. ಸೀಸನ್ ತಾರೀಖಿನ ಷರತ್ತು ಅದರ ಒಳಗೆ ಹೋಯಿತು. ಜಮಾವನ್ನೂ ಲಾಟ್ ಪ್ರಕಾರ ಕೂಡಿಸಿ ಇನ್ನೊಂದು ಚಿಕ್ಕ ವ್ಯೂ. ಆಮೇಲೆ ಆವಕಕ್ಕೆ ಅವೆರಡನ್ನೂ ಲೆಫ್ಟ್ ಜಾಯಿನ್ ಮಾಡಿದೆ. ಹೊರಗಿನ ವ್ಯೂನಲ್ಲಿ ಗ್ರೂಪ್ ಬೈ ಬೇಕಾಗಲೇ ಇಲ್ಲ. ಅಜ್ಜನ ಲಾಟ್‌ಗೆ ಈಗ ಒಂದು ಸಾಲು: 180, 120, 3,500.

ಜಾವಕ ಇಲ್ಲದ ಲಾಟ್‌ಗೆ ಮೊತ್ತ ನಲ್ ಬರುತ್ತದೆ. 180ರಲ್ಲಿ ನಲ್ ಕಳೆದರೆ 180 ಅಲ್ಲ, ನಲ್. ಅದಕ್ಕೆ ಎರಡೂ ಮೊತ್ತಕ್ಕೆ ಕೋಅಲೆಸ್ ಹಾಕಿ ನಲ್ ಇದ್ದ ಕಡೆ ಸೊನ್ನೆ ಮಾಡಿದೆ.

ಹಳೆಯ ವ್ಯೂ ಹೀಗೆ ಯಾಕೆ ಇರಲಿಲ್ಲ ಅನ್ನುವುದಕ್ಕೂ ಕಾರಣ ಇದೆ. ಮೈಎಸ್‌ಕ್ಯೂಎಲ್ 5.7.7ಕ್ಕಿಂತ ಮುಂಚೆ ವ್ಯೂ ಬರೆಯುವಾಗ ಫ್ರಮ್ ಭಾಗದಲ್ಲಿ (ಯಾವ ಟೇಬಲ್‌ನಿಂದ ಅಂತ ಹೇಳುವ ಜಾಗ) ಒಳ ಕ್ವೆರಿ, ಅಂದರೆ ಕ್ವೆರಿಯೊಳಗೆ ಇನ್ನೊಂದು ಕ್ವೆರಿ, ಹಾಕಲು ಬಿಡುತ್ತಿರಲಿಲ್ಲ. ಆಗ ಬರೆದವರು ಎಲ್ಲ ಟೇಬಲ್‌ಗಳನ್ನೂ ಒಂದೇ ಮಟ್ಟದಲ್ಲಿ ಸೇರಿಸಿ ಕೊನೆಗೆ ಗ್ರೂಪ್ ಬೈ ಮಾಡುತ್ತಿದ್ದರು. ಲಾಟ್‌ಗೆ ಹಲವು ಸಾಲು ಇರುವ ಟೇಬಲ್ ಒಂದೇ ಇರುವ ತನಕ ಮೊತ್ತ ಉಬ್ಬುತ್ತಿರಲಿಲ್ಲ. ಈಗ ಒಳ ಕ್ವೆರಿ ಹಾಕಬಹುದು. ಆದರೂ ನಾನು ಬೇರೆ ಚಿಕ್ಕ ವ್ಯೂಗಳನ್ನೇ ಇಟ್ಟೆ. ಮುಂದೆ ಅನುಮಾನ ಬಂದರೆ ಜಾವಕದ ಮೊತ್ತವನ್ನು ಮಾತ್ರ ತೆರೆದು ರಿಜಿಸ್ಟರ್ ಜೊತೆ ಹೋಲಿಸಬಹುದು, ಐದು ಟೇಬಲ್ ಬಿಡಿಸಬೇಕಾಗಿಲ್ಲ.

ನಿಧಾನ ಆಗುವುದಿಲ್ಲವಾ ಅಂತ ಕೇಳಬಹುದು. ಗ್ರೂಪ್ ಬೈ ಇರುವ ವ್ಯೂ ಅನ್ನು ಮೈಎಸ್‌ಕ್ಯೂಎಲ್ ಹೊರಗಿನ ಕ್ವೆರಿಯಲ್ಲಿ ಬೆರೆಸುವುದಿಲ್ಲ, ತಾತ್ಕಾಲಿಕ ಟೇಬಲ್ ಮಾಡಿ ಇಡುತ್ತದೆ ಅನ್ನುವುದು ನಿಜ. 8.0.22ರಿಂದ ಹೊರಗಿನ ಷರತ್ತನ್ನು ಆದಷ್ಟು ಒಳಗೆ ತಳ್ಳಲು ಕಲಿತಿದೆ. ಲಾಟ್ ನಂಬರ್ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಇದ್ದರೆ ನಮ್ಮ ಗಾತ್ರದ ಕೆಲಸಕ್ಕೆ ಏನೂ ಗೊತ್ತಾಗುವುದಿಲ್ಲ.

ಸಂಜೆ ಮತ್ತೆ ಎಣಿಸಿದೆ. 631.

612 ಆಗಬೇಕಿತ್ತು. 19 ಜಾಸ್ತಿ. ಎರಡು ಸಲ ಬಂದ ಲಾಟ್‌ಗಳನ್ನು ಮಾತ್ರ ತೆಗೆದು ನೋಡಿದೆ. 19 ಲಾಟ್, ಎಲ್ಲದರ ಆವಕ ತಾರೀಖು ಮಾರ್ಚ್ 31. ತಾರೀಖು ಕಂಡ ಕೂಡಲೇ ದರದ ಟೇಬಲ್ ತೆರೆದೆ. ಹಳೆ ದರ ಮಾರ್ಚ್ 31ರ ತನಕ. ಹೊಸ ದರ ಮಾರ್ಚ್ 31ರಿಂದ. ವ್ಯೂನಲ್ಲಿ ಬಿಟ್ವೀನ್ ಬಳಸಿತ್ತು, ಅದು ಎರಡೂ ತುದಿಯನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಆ ಒಂದು ದಿನ ಎರಡೂ ದರ ಚಾಲ್ತಿಯಲ್ಲಿದ್ದವು. ಹಳೆಯ ವ್ಯೂನಲ್ಲಿ ಇದು ಗ್ರೂಪ್ ಬೈ ಒಳಗೆ ಅಡಗಿ ಕೂತು ಜಾವಕವನ್ನು ಇಮ್ಮಡಿ ಮಾಡುತ್ತಿತ್ತು. ಈಗ ಬೇರೆ ಸಾಲಾಗಿ ಹೊರಗೆ ಬಂತು.

ಹಳೆ ದರದ ತಾರೀಖನ್ನು ಒಂದು ದಿನ ಹಿಂದೆ ಸರಿಸಿದರೆ ಈ ವರ್ಷಕ್ಕೆ ಆಗುತ್ತಿತ್ತು. ಮುಂದಿನ ವರ್ಷ ಮತ್ತೆ ಯಾರೋ ಹಾಗೇ ತುಂಬುತ್ತಾರೆ. ಅದಕ್ಕೆ ಷರತ್ತನ್ನೇ ಬದಲಿಸಿದೆ: ಶುರುವಿನ ತಾರೀಖು ಸೇರಿ, ಮುಗಿಯುವ ತಾರೀಖು ಬಿಟ್ಟು. ಹಳೆ ದರ ಮುಗಿಯುವ ತಾರೀಖೂ ಹೊಸ ದರ ಶುರುವಾಗುವ ತಾರೀಖೂ ಒಂದೇ ಇರಬಹುದು, ಇರಬೇಕು. ಮಾರ್ಚ್ 31ರ ಲಾಟ್‌ಗಳಿಗೆ ಹೊಸ ದರವೇ ಅಂತ ಕಾಕಾ ಹತ್ತಿರ ಕೇಳಿ ಖಚಿತ ಮಾಡಿಕೊಂಡೆ. ಅದು ನಾನು ತೀರ್ಮಾನಿಸುವ ವಿಷಯ ಅಲ್ಲ.

612.

ಗುರುವಾರ

ಸಾಲು ಸರಿ ಬಂದವು. ಮೊತ್ತ? ಜಾವಕ ಟೇಬಲ್‌ನಿಂದ ನೇರವಾಗಿ ಈ ಸೀಸನ್‌ನ ಪೆಟ್ಟಿಗೆ ಕೂಡಿಸಿದೆ. ಬಾಕಿ ವ್ಯೂನಿಂದಲೂ ಕೂಡಿಸಿದೆ. ವ್ಯೂನಲ್ಲಿ 25 ಪೆಟ್ಟಿಗೆ ಕಡಿಮೆ. ಜಮಾ ಮಾತ್ರ ರೂಪಾಯಿಗೆ ರೂಪಾಯಿ ಹೊಂದಿತು.

25 ಪೆಟ್ಟಿಗೆ ಹೊರಗೆ ಹೋಗಿದೆ, ಆದರೆ ಯಾವ ಲಾಟ್‌ಗೂ ಸೇರಿಲ್ಲ. ಆವಕದಲ್ಲಿ ಇಲ್ಲದ ಲಾಟ್ ನಂಬರ್ ಇರುವ ಜಾವಕ ಯಾವುದು ಅಂತ ಹುಡುಕಿದೆ. ಒಂದೇ ಸಾಲು ಸಿಕ್ಕಿತು, ಲಾಟ್ 4418. ನಮ್ಮಲ್ಲಿ ಅಷ್ಟು ದೊಡ್ಡ ನಂಬರೇ ಇಲ್ಲ. ಗೇಟ್ ಪಾಸ್ ಕಟ್ಟು ಬಿಚ್ಚಿ ನೋಡಿದರೆ ಅದು 418. ಬರೆಯುವಾಗ 4 ಎರಡು ಸಲ ಒತ್ತಿದೆ. 418ರ ರೈತರಿಗೆ ಚೀಟಿಯಲ್ಲಿ 25 ಪೆಟ್ಟಿಗೆ ಜಾಸ್ತಿ ತೋರಿಸುತ್ತಿತ್ತು.

ಇಲ್ಲದ ನಂಬರನ್ನು ಟೇಬಲ್ ಒಳಗೆ ಬಿಟ್ಟುಕೊಂಡದ್ದು ಹೇಗೆ? ಟೇಬಲ್ ಮಾಡಿದವರು ಫಾರಿನ್ ಕೀ (ಇನ್ನೊಂದು ಟೇಬಲ್‌ನಲ್ಲಿ ಇಲ್ಲದ ನಂಬರನ್ನು ತಡೆಯುವ ನಿಯಮ) ಬರೆದಿದ್ದರು ಅಂತ ಹಳೆಯ ಕಡತದಲ್ಲಿ ಇತ್ತು. ಆದರೆ ಆ ಟೇಬಲ್‌ಗಳು ಮೈಐಸ್ಯಾಮ್ ಎಂಜಿನ್‌ನವು. ಎಂಜಿನ್ ಅಂದರೆ ಮೈಎಸ್‌ಕ್ಯೂಎಲ್ ಒಳಗೆ ಟೇಬಲ್ ಇಟ್ಟು ನೋಡಿಕೊಳ್ಳುವ ಭಾಗ. ಮೈಎಸ್‌ಕ್ಯೂಎಲ್ 5.5ಕ್ಕಿಂತ ಮುಂಚೆ ಮೈಐಸ್ಯಾಮೇ ಡಿಫಾಲ್ಟ್ ಆಗಿತ್ತು. ಮೈಐಸ್ಯಾಮ್ ಫಾರಿನ್ ಕೀ ಸಾಲನ್ನು ಓದುತ್ತದೆ, ಎರರ್ ಕೊಡುವುದಿಲ್ಲ, ಪಾಲಿಸುವುದೂ ಇಲ್ಲ. ಬರೆದವರು ಕಾವಲು ಇಟ್ಟಿದ್ದೇನೆ ಅಂದುಕೊಂಡಿದ್ದರು, ಬಾಗಿಲಲ್ಲಿ ಯಾರೂ ಇರಲಿಲ್ಲ. ಬ್ಯಾಕಪ್ ತೆಗೆದು ಐದೂ ಟೇಬಲ್‌ಗಳನ್ನು ಫಾರಿನ್ ಕೀ ಪಾಲಿಸುವ ಇನ್ನೋಡಿಬಿ ಎಂಜಿನ್‌ಗೆ ಬದಲಿಸಿದೆ. ಫಾರಿನ್ ಕೀ ಹಾಕಲು ಹೋದೆ, 4418 ಇರುವ ತನಕ ಅದು ಒಪ್ಪಲಿಲ್ಲ. ಕಾಕಾ ಗೇಟ್ ಪಾಸ್ ನೋಡಿ ಸಹಿ ಮಾಡಿದ ಮೇಲೆ 418 ಅಂತ ತಿದ್ದಿದೆ. ಒಪ್ಪಿತು.

ಮೂರು ಪರೀಕ್ಷೆಗಳನ್ನು ಒಂದು ಕ್ವೆರಿಯಾಗಿ ಬರೆದು ಆಫೀಸಿನ ಯಂತ್ರದಲ್ಲಿ ಇಟ್ಟಿದ್ದೇನೆ. ಆವಕದ ಲಾಟ್ ಎಣಿಕೆಯೂ ವ್ಯೂನ ಸಾಲುಗಳ ಎಣಿಕೆಯೂ ಒಂದೇನಾ, ಜಾವಕದ ಮೊತ್ತ ಎರಡೂ ಕಡೆ ಒಂದೇನಾ, ಜಮಾದ ಮೊತ್ತ ಒಂದೇನಾ. ರಾತ್ರಿ ಬ್ಯಾಕಪ್ ಆದ ಮೇಲೆ ಓಡುತ್ತದೆ. ಮೂರರಲ್ಲಿ ಒಂದು ಹೊಂದದಿದ್ದರೂ ಬೆಳಿಗ್ಗೆ ಬಾಕಿ ಚೀಟಿ ಪ್ರಿಂಟ್ ಆಗುವುದಿಲ್ಲ.

ಆಮೇಲೆ ಕಾಕಾ ತಮ್ಮ ನೋಟ್‌ಬುಕ್ ತಂದರು. ಒಂದೂ ಪೆಟ್ಟಿಗೆ ತೆಗೆಯದ 65 ಲಾಟ್‌ಗಳನ್ನು ನಾನು ಪರದೆಯಿಂದ ಒಂದೊಂದಾಗಿ ಓದಿದೆ, ಅವರು ಟಿಕ್ ಮಾಡುತ್ತಾ ಹೋದರು. ಎಲ್ಲ ಇದ್ದವು.

ಮಧ್ಯಾಹ್ನ ಅಜ್ಜ ಬಂದರು. ಹೊಸ ಚೀಟಿ ಕೊಟ್ಟೆವು: ಇಟ್ಟಿದ್ದು 180, ತೆಗೆದದ್ದು 120, ಉಳಿದದ್ದು 60, ಕಟ್ಟಿದ್ದು 3,500. ಓದಿ ಜೇಬಿಗೆ ಹಾಕಿಕೊಂಡು, "ಒಮ್ಮೆ ಒಳಗ ನೋಡಿ ಬರೂಣು ನಡಿ" ಅಂದರು. ಚೇಂಬರ್ ಒಳಗೆ ಹೋದೆವು. ಹತ್ತು ಪೆಟ್ಟಿಗೆಯ ಅಟ್ಟಿ ಆರು ಇದ್ದವು. ಅವರು ಒಂದೊಂದು ಅಟ್ಟಿಯ ಮೇಲೂ ಕೈ ಇಟ್ಟು ಎಣಿಸಿದರು, ನಾನೂ ಜೊತೆಗೆ ಎಣಿಸಿದೆ.